ಬೆನ್ನಿಗೆ ಬೆನ್ನು

"ಜೀವ ಇದ್ದವನ್ನ ಹೆಣ ಕುಂದ್ರಿಸಿದಂಗ ಕುಂದ್ರಿಸಿಯಲ್ಲೋ ಕುರಿಮಗನ. ದವಾಖಾನಿಗೆ ಒಯ್ಯಾಕ ಹೊಂಟೀಯೋ, ಕುಣಿಗೆ ಇಳಸಾಕ ಹೊಂಟೀಯೋ?"

ಮುರಿಗೆಪ್ಪ ಈ ಮಾತನ್ನು ದಂಡೆಯ ಎತ್ತರದಲ್ಲಿ ನಿಂತು, ಹೊಳೆಯ ಸಪ್ಪಳವನ್ನೂ ಮೀರಿಸಿ, ಎಲ್ಲರಿಗೂ ಕೇಳುವಂತೆ ಆಡಿದ. ಎಲ್ಲರೂ ಅಂದರೆ ಊರಿನ ನಲವತ್ತು ಮಂದಿ. ಮೂಡಲಗಿಗೆ ಹೊರಟವರು ಹೋಗುವುದನ್ನು ಬಿಟ್ಟು ಬಂದಿದ್ದರು, ಹೊಲಕ್ಕೆ ಹೋಗಬೇಕಾದವರು ಕುಡಗೋಲು ಹೆಗಲಿಗೆ ಹಾಕಿಕೊಂಡೇ ನಿಂತಿದ್ದರು. ಅವರೆಲ್ಲರ ಎದುರು, ಕೆಳಗೆ ನೀರಂಚಿನಲ್ಲಿ, ಮೊಣಕಾಲುದ್ದ ಕೆಸರಿನಲ್ಲಿ ಹರಗೋಲಿನ ಅಂಚು ಹಿಡಿದು ನಿಂತಿದ್ದವನು ಮಾಯಪ್ಪ. ಇಪ್ಪತ್ತೆರಡು ವರ್ಷದವನು. ಅವನ ಕಿವಿ ಕೆಂಪಾದದ್ದು ಮೇಲಿದ್ದವರಿಗೂ ಕಂಡಿತು.

ಹರಗೋಲಿನೊಳಗೆ ಕುಳಿತಿದ್ದವನು ಸೋಮಪ್ಪ, ಮುರಿಗೆಪ್ಪನ ಒಬ್ಬನೇ ತಮ್ಮ. ಕುಳಿತಿದ್ದ ಅನ್ನುವುದಕ್ಕಿಂತ ಕಟ್ಟಿ ಕೂರಿಸಿತ್ತು ಅನ್ನಬೇಕು. ಮಾಯಪ್ಪ ಬಿದಿರಿನ ಹೆಣಿಗೆಗೆ ಒಂದು ಗೂಟವನ್ನು ನೆಟ್ಟಗೆ ಬಿಗಿದು, ಅದಕ್ಕೆ ಕಂಬಳಿ ಸುತ್ತಿ, ಸೋಮಪ್ಪನ ಬೆನ್ನು ಆನಿಸಿ, ಎದೆಯ ಸುತ್ತ ಬಿಳಿ ಧೋತರ ತಂದು ಗಂಟು ಹಾಕಿದ್ದ. ಹಣೆಯ ಮೇಲೆ ತಾಯಿ ಹಚ್ಚಿದ ವಿಭೂತಿ ಮೂರು ಬೆರಳಗಲ ಇತ್ತು. ಕತ್ತು ಒಂದು ಕಡೆಗೆ ವಾಲಿತ್ತು.

ಲಿಂಗವಂತರ ಮನೆಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಆನಿಸಿ ಕೂರಿಸಿ, ಬಟ್ಟೆಯಿಂದ ಕಟ್ಟಿ, ವಿಭೂತಿ ಬಳಿದು, ಕುಂತವರನ್ನು ಕುಂತ ಹಾಗೆಯೇ ಮಣ್ಣಿಗೆ ಕೊಡುತ್ತಾರೆ. ಹಾಗಾಗಿ ದಂಡೆಯ ಮೇಲಿದ್ದವರಿಗೆ ಏನು ಕಂಡಿತು ಅನ್ನುವುದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಾಯಿ ಬಾಳವ್ವ ಬುತ್ತಿಗಂಟು ಹಿಡಿದು ಇಳಿದು ಬಂದವಳು ಮಗನನ್ನು ಆ ರೂಪದಲ್ಲಿ ಕಂಡಳು, ಅಲ್ಲೇ ಕುಸಿದಳು. ಅವಳ ಹಿಂದಿದ್ದ ಹೆಂಗಸರು ಸೋಮಪ್ಪ ಹೋಗಿಯೇ ಬಿಟ್ಟ ಅಂದುಕೊಂಡು, ಅವನ ಗುಣ ಎತ್ತಿ ಹಾಡಿಕೊಂಡು ಅಳಲು ಸುರು ಮಾಡಿದರು. ಹೋದವನು ಕಣ್ಣು ತೆರೆದು ಅವರನ್ನೇ ನೋಡುತ್ತಿದ್ದ.

ಮುರಿಗೆಪ್ಪನ ಬಾಯಿಂದ ಆ ಮಾತು ಬಿದ್ದದ್ದು ಆಗ. ಹಿಂದಿನಿಂದ ಯಾರೋ, ಅವನಿಗೆ ಕುರಿ ದಾಟಿಸಿ ರೂಢಿ, ಕಟ್ಟದೆ ಬಿಟ್ಟರೆ ನೀರಿಗೆ ಜಿಗಿಯುತ್ತವೆ ಅಂತ ಕಟ್ಟಿದ್ದಾನೆ ಅಂದರು. ನಾಲ್ಕು ಮಂದಿ ನಕ್ಕರು. ಅಳುವವರ ನಡುವೆಯೂ ನಕ್ಕರು.

ಹರಗೋಲು ಕುರಿಗಾಗಿಯೇ ಹುಟ್ಟಿದ್ದು, ಅದು ಖರೆ. ಮಾಯಪ್ಪನ ಅಜ್ಜ ಗೋಕಾಕದ ಗುಡ್ಡದ ಕಡೆ ಮಂದೆ ಹೊಡೆಯಲು ಬಿದಿರು ಹೆಣೆದು, ಎಮ್ಮೆಯ ತೊಗಲು ಹೊದಿಸಿ ಮಾಡಿದ್ದು. ಒಂದು ವರ್ಷದ ರೋಗಕ್ಕೆ ಕುರಿ ಹೋದವು, ಹರಗೋಲು ಉಳಿಯಿತು. ಆಮೇಲೆ ಅದು ಮನುಷ್ಯರನ್ನು ದಾಟಿಸಿತು. ಮಳೆಗಾಲದಲ್ಲಿ ಈ ಕಡೆಯ ಹಳ್ಳಗಳು ತುಂಬಿ ಗಾಡಿದಾರಿ ಕಡಿದು ಹೋಗುತ್ತಿತ್ತು. ರೋಗಿಯನ್ನು ಗೋಕಾಕದ ದವಾಖಾನೆಗೆ ಮುಟ್ಟಿಸಬೇಕೆಂದರೆ ಮಾಯಪ್ಪನೇ ಆಗಬೇಕಿತ್ತು, ಅವನ ತೊಗಲಿನ ಬುಟ್ಟಿಯೇ ಆಗಬೇಕಿತ್ತು. ಮೂರನೇ ಇಯತ್ತೆಗೆ ಸಾಲೆ ಬಿಟ್ಟವನು ಅವನು. ಅಪ್ಪ ಹೊಳೆಯಲ್ಲಿ ಹೋದ ವರ್ಷ ಅದು. ಹುಟ್ಟು ಹಿಡಿದ ಕೈಗೆ ಪಾಟಿ ಮತ್ತೆ ಸಿಗಲಿಲ್ಲ.

ಒಬ್ಬನೇ ಹರಗೋಲು ಬಿಡಲು ಹತ್ತಿದ ಮೇಲಿನ ಎಂಟು ಮಳೆಗಾಲದಲ್ಲಿ ಅವನು ದಾಟಿಸಿದವರೆಷ್ಟೋ. ರೋಗಿಯ ಜೊತೆ ಒಬ್ಬರೇ ಹತ್ತಬೇಕು, ಅದು ಅವನ ಕಟ್ಟುನಿಟ್ಟು. ಹಾವು ಕಡಿದವನನ್ನು ಅಲುಗಾಡಗೊಡುತ್ತಿರಲಿಲ್ಲ. ಹೆರಿಗೆ ನಿಂತು ಹೋದ ಹೆಣ್ಣುಮಗಳನ್ನು ಎಡಮಗ್ಗುಲಿಗೆ ಮಲಗಿಸುತ್ತಿದ್ದ. ಇದರಲ್ಲಿ ಅರ್ಧ ಹೊಳೆ ಕಲಿಸಿದ್ದು, ಇನ್ನರ್ಧ ದವಾಖಾನೆಯ ಕಂಪೌಂಡರ ಬೈದು ಬೈದು ಕಲಿಸಿದ್ದು. ಕಾಲು ಬಾತು ಉಬ್ಬಸ ಹತ್ತಿದವರ ವಿಷಯವನ್ನು ಮಾತ್ರ ಅವನ ಸ್ವಂತ ಅಜ್ಜಿ ದುಂಡವ್ವ ಕಲಿಸಿ ಹೋದಳು. ಐದು ತಿಂಗಳು ಅಜ್ಜಿ ಕಂಬಳಿಯ ಸುರುಳಿಗೆ ಆನಿಕೊಂಡು ಕುಂತೇ ನಿದ್ದೆ ಮಾಡಿದ್ದಳು. ಒಂದು ದಿನ ಬೀಗರು ಬರುತ್ತಾರೆಂದು ಮನೆಯವರು ಹಾಸಿಗೆ ಚೊಕ್ಕ ಮಾಡಿ ಆಕೆಯನ್ನು ಚಂದಾಗಿ ಮಲಗಿಸಿದರು. ಬೀಗರ ಊಟ ಮುಗಿಯುವುದರೊಳಗೆ ಅಜ್ಜಿ ಮುಗಿದಿದ್ದಳು. ಆಮೇಲೆ ಕಂಪೌಂಡರ ಹೇಳಿದ: ಅಂಥವರ ಎದೆಯಲ್ಲಿ ನೀರು ತುಂಬಿರುತ್ತದೆ, ಕುಂತರೆ ನೀರು ಕೆಳಗೆ ಇರುತ್ತದೆ, ಮಲಗಿಸಿದರೆ ಮೇಲೆ ಏರಿ ಉಸಿರನ್ನು ಮುಳುಗಿಸುತ್ತದೆ. ಮಾಯಪ್ಪನಿಗೆ ಆ ಮಾತು ಬೇರೆ ಯಾರಿಗೂ ತಿಳಿಯದಷ್ಟು ಚೆನ್ನಾಗಿ ತಿಳಿಯಿತು. ಮುಳುಗುವುದು ಅಂದರೆ ಏನು ಅಂತ ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಸೋಮಪ್ಪನ ಕಾಲು ಈಗ ಕಂಬದ ಹಾಗೆ ಬಾತಿದ್ದವು. ಹನ್ನೆರಡರ ವಯಸ್ಸಿನಲ್ಲಿ ಅವನಿಗೆ ಕೀಲುಕೀಲು ಬಾತು ಜ್ವರ ಬಂದಿತ್ತು. ಜ್ವರ ಹೋಯಿತು, ಹೋಗುವಾಗ ಎದೆಯಲ್ಲಿ ಏನನ್ನೋ ಕೆಡಿಸಿಟ್ಟು ಹೋಯಿತು. ಮುರಿಗೆಪ್ಪ ತಮ್ಮನಿಗಾಗಿ ಮಾಡಬಹುದಾದ್ದನ್ನೆಲ್ಲ ಮಾಡಿದ್ದ. ಹುಕ್ಕೇರಿಯಲ್ಲಿ ಬೀಗರ ಮನೆಯಲ್ಲಿ ಒಂದು ತಿಂಗಳು ಇಟ್ಟು ವೈದ್ಯರ ಕಷಾಯ ಕುಡಿಸಿದ, ಉಪ್ಪು ಬಿಡಿಸಿದ, ತಾನೂ ಬಿಟ್ಟ. ಯಾವುದೂ ಹತ್ತಲಿಲ್ಲ. ಮೊನ್ನೆ ಹುಕ್ಕೇರಿಯಿಂದ ಕರೆದುಕೊಂಡು ಬಂದ ಮೇಲೆ ಉಬ್ಬಸ ಹೆಚ್ಚಿತು. ಕೊನೆಗೆ ಬಾಳವ್ವನೇ ಮಾಯಪ್ಪನ ಗುಡಿಸಲಿಗೆ ಬಂದು, ಯಪ್ಪಾ ನೀ ಒಯ್ಯಬೇಕು, ನಿನ್ನ ಕೂಡ ಸಾಲಿ ಕಲಿತವ ಅಂದಿದ್ದಳು.

ಹೌದು, ಒಂದೇ ಪಾಟಿಯ ಮೇಲೆ ಬರೆದವರು ಅವರು. ಮಾಯಪ್ಪನ ಪಾಟಿ ಒಡೆದಾಗ ಸೋಮಪ್ಪ ತನ್ನದರ ನಡುವೆ ಗೆರೆ ಎಳೆದು ಅರ್ಧ ಬಿಟ್ಟುಕೊಟ್ಟಿದ್ದ. ಮುಂದೆ ಸೋಮಪ್ಪ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ, ಮಾಯಪ್ಪ ಹೊಳೆ ಪಾಸಾದ. ಆದರೂ ಸೋಮಪ್ಪ ಇಳಿಹೊತ್ತಿಗೆ ದಂಡೆಗೆ ಬಂದು ಕುಳಿತು, ಓದಿದ್ದನ್ನೆಲ್ಲ ಇವನ ಕಿವಿಗೆ ಹಾಕುತ್ತಿದ್ದ. ಈ ಬೆಳಿಗ್ಗೆ ಗೂಟಕ್ಕೆ ಆನಿಸಿ ಕಟ್ಟುವಾಗ ಕೂಡ, ಎರಡು ಮಾತಿಗೊಮ್ಮೆ ಉಸಿರು ಹಿಡಿದು, "ಹರಗೋಲಾ ತೊಳದೀಯಿಲ್ಲೋ ಮಾಯಾ, ಕುರಿ ಹಿಕ್ಕಿ ವಾಸನಿ ಇನ್ನೂ ಹೋಗಿಲ್ಲ" ಅಂದಿದ್ದ. ಕುಂತಾಗ ಅವನಿಗೆ ಚೇಷ್ಟೆ ಮಾಡುವಷ್ಟು ಉಸಿರಿತ್ತು. ಇದನ್ನೇ ಮಾಯಪ್ಪ ಮುರಿಗೆಪ್ಪನಿಗೆ ತೋರಿಸಿ ಹೇಳಿದ. ಮೊದಲು ಒಳ್ಳೆಯ ಮಾತಿನಲ್ಲಿ ಹೇಳಿದ, ಧಣೇರ ಅಂದ, ಕೈ ಮುಗಿದ. ಅಜ್ಜಿಯ ವಿಷಯ ಹೇಳಿದ.

ಮುರಿಗೆಪ್ಪ ಕೇಳಿಸಿಕೊಳ್ಳಲಿಲ್ಲ. ಅವನೇನು ಕಲ್ಲಲ್ಲ. ಹತ್ತು ವರ್ಷದವನಿದ್ದಾಗ ಅಪ್ಪನನ್ನು ಹೀಗೆಯೇ ಕಂಬಕ್ಕೆ ಕಟ್ಟಿ ಕೂರಿಸಿದ್ದನ್ನು ನೋಡಿದ್ದ, ಇಡೀ ದಿನ ಆ ಮುಖದ ಎದುರಿಗೆ ಕುಳಿತಿದ್ದ. ಈಗ ಹರಗೋಲಿನಲ್ಲಿ ಅವನಿಗೆ ಕಂಡದ್ದು ತಮ್ಮನಲ್ಲ, ಅಪ್ಪ. ಆದರೆ ಮಾಯಪ್ಪನಿಗೆ ಅದೆಲ್ಲ ಹೇಗೆ ಗೊತ್ತಾಗಬೇಕು. ಅವನಿಗೆ ಕಂಡದ್ದು ತಲೆಯ ಮೇಲಿನ ಜರಿಯಂಚಿನ ರುಂಬಾಲು, ಎತ್ತರದಲ್ಲಿ ನಿಂತ ಕಾಲು, ಚಾಚಿದ ಬೆರಳು.

"ಮಲಗಸು ಅವನ್ನ," ಅಂದ ಮುರಿಗೆಪ್ಪ. "ನಮ್ಮ ಮನಿತನದಾಗ ಜೀವ ಇರೂತನಕ ಮಂದಿ ಮಲಗತಾರ. ಕುಂದ್ರಸೂದು ಯಾವಾಗಂತ ನಮಗ ಗೊತ್ತೈತಿ. ನಿನ್ನಂಥವನ ಕಡಿಂದ ಕಲಿಯೂ ಹೊತ್ತು ಇನ್ನೂ ಬಂದಿಲ್ಲ."

ಮತ್ತೆ ಯಾರೋ ನಕ್ಕರು.

ಇಲ್ಲಿ ಮಾಯಪ್ಪ ಏನು ಮಾಡಬಹುದಿತ್ತು ಅನ್ನುವುದನ್ನು ಅವನೇ ಆಮೇಲೆ ನೂರು ಸಲ ಲೆಕ್ಕ ಹಾಕಿದ. ಕಾಲು ಹಿಡಿಯಬಹುದಿತ್ತು. ಬಾಳವ್ವನ ಕಡೆ ತಿರುಗಿ, ಯವ್ವಾ ನೀ ಹೇಳು ಅನ್ನಬಹುದಿತ್ತು. ಏನೂ ಅನ್ನದೆ ಹರಗೋಲನ್ನು ನೀರಿಗೆ ನೂಕಿಬಿಟ್ಟಿದ್ದರೂ ನಡೆಯುತ್ತಿತ್ತು, ಅಷ್ಟು ಮಂದಿಯಲ್ಲಿ ಒಬ್ಬನಿಗೂ ಈಜಿ ಬಂದು ತಡೆಯುವ ಧೈರ್ಯ ಇರಲಿಲ್ಲ. ಅವನು ಮಾಡಿದ್ದು ಬೇರೆ. ನಗು ಅವನ ಬೆನ್ನಹುರಿಗುಂಟ ಕೆಳಗಿಳಿಯಿತು. ಬಗ್ಗಿ, ತಾನೇ ಕಟ್ಟಿದ ಗಂಟನ್ನು ತಾನೇ ಬಿಚ್ಚಿದ. ಗೂಟ ಕಿತ್ತ. ಅದನ್ನು ಹೊಳೆಗೆ ಎಸೆದ.

"ಮಲಗಸ್ರಿ. ತಮ್ಮ ನಿಮ್ಮಾವ, ಕೈ ನಿಮ್ಮುವು. ನನ್ನ ಕೆಲಸ ದಾಟಸೂದು."

ಸೋಮಪ್ಪ ಅವನ ಮುಖವನ್ನೇ ನೋಡಿದ. ಅಣ್ಣನ ಎದುರು ಸೋಮಪ್ಪ ಯಾವತ್ತೂ ಮಾತಾಡಿದವನಲ್ಲ, ಇವತ್ತೂ ಆಡಲಿಲ್ಲ. ಮುರಿಗೆಪ್ಪ ಇಳಿದು ಬಂದು, ಹರಗೋಲಿನ ತಳದಲ್ಲಿ ಕಂಬಳಿ ಹಾಸಿ, ತಮ್ಮನನ್ನು ಎರಡೂ ಕೈಯಿಂದ ಕೂಸನ್ನು ಎತ್ತಿದ ಹಾಗೆ ಎತ್ತಿ ಮಲಗಿಸಿದ. ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಬಾಳವ್ವ ಸಮಾಧಾನದಿಂದ ಕಣ್ಣು ಒರೆಸಿಕೊಂಡಳು. ಮಗ ಈಗ ಜೀವ ಇರುವವನ ಹಾಗೆ ಕಂಡ.

ತಡ ಮಾಡಲು ಹೊತ್ತಿರಲಿಲ್ಲ. ಹೊಳೆಯ ಮೇಲುಗಡೆಯ ಧುಪದಾಳದ ಒಡ್ಡಿನ ಮೇಲೆ ಆಳೆತ್ತರ ನೀರು ಹಾಯುತ್ತಿದೆ ಅನ್ನುವ ಸುದ್ದಿ ಹಿಂದಿನ ಸಂಜೆಯೇ ಬಂದಿತ್ತು. ಆ ನೀರು ಇಲ್ಲಿಗೆ ಬಂದರೆ ನಾಲ್ಕು ದಿನ ಹರಗೋಲು ಇಳಿಯುವಂತಿಲ್ಲ. ತುಂಬಿದ ಹೊಳೆಯನ್ನು ನೇರ ದಾಟುವುದು ಹುಚ್ಚರ ಕೆಲಸ. ಹರಗೋಲನ್ನು ದಂಡೆಗುಂಟ ಮೇಲಕ್ಕೆ ಎರಡು ಹೊಲದಷ್ಟು ದೂರ ಎಳೆದುಕೊಂಡು ಹೋಗಿ, ಅಲ್ಲಿಂದ ಬಿಡಬೇಕು. ಹೊಳೆ ಕೆಳಕ್ಕೆ ಎಳೆಯುತ್ತದೆ, ನೀನು ಅಡ್ಡಕ್ಕೆ ಎಳೆಯಬೇಕು. ಇಬ್ಬರ ಎಳೆದಾಟದಲ್ಲಿ ಹರಗೋಲು ಓರೆಯಾಗಿ ಸಾಗಿ, ಗೋಕಾಕ ದಂಡೆಯ ಒಂಟಿ ಜಾಲಿಮರದ ಬುಡಕ್ಕೆ ಬಂದು ಹತ್ತಬೇಕು. ಅದು ತಪ್ಪಿದರೆ ಕೆಳಗೆ ಬರೀ ಕಡಿದಾದ ಎರೆಮಣ್ಣಿನ ಗೋಡೆ.

ಅಣ್ಣ ತಮ್ಮ ಇಬ್ಬರೂ ಒಳಗಿದ್ದ ಹರಗೋಲನ್ನು ಮಾಯಪ್ಪ ನೀರಂಚಿಗುಂಟ ಮೇಲಕ್ಕೆ ಎಳೆದ. ನಾಲ್ವರು ಕೈ ಹಚ್ಚಿದರು. ಅವರಲ್ಲಿ ನಕ್ಕವರೂ ಇದ್ದರು. ಮಾಯಪ್ಪ ಅವರ ಮುಖ ನೋಡಲಿಲ್ಲ. ಹರಿವಿಗೆ ಬಿಟ್ಟು, ಮುಂದಿನ ಅಂಚಿನಲ್ಲಿ ಮೊಣಕಾಲೂರಿ ಕುಳಿತು ಹುಟ್ಟು ಹಾಕಿದ. ಹಿಂದಕ್ಕೂ ನೋಡಲಿಲ್ಲ.

ಹಿಂದಕ್ಕೆ ನೋಡಬಾರದು ಅಂತಲೇ ನೋಡಲಿಲ್ಲ. ಕೆಲಸ ಹಾಗಿತ್ತು ಅಂತ ಆಮೇಲೆ ಹೇಳಿಕೊಳ್ಳಬಹುದಿತ್ತು. ಕೆಲಸವೂ ಹಾಗೆಯೇ ಇತ್ತು, ಕೆಂಪು ನೀರು ಬುಡಕಿತ್ತ ಗಿಡಗಳನ್ನು ತೇಲಿಸಿಕೊಂಡು ಬರುತ್ತಿತ್ತು, ಒಂದನ್ನು ತಪ್ಪಿಸಿದರೆ ಇನ್ನೊಂದು. ಆದರೆ ಬೇರೆ ದಿನಗಳಲ್ಲಿ ಅವನು ಹತ್ತು ಹುಟ್ಟು ಹಾಕಿದರೆ ಒಂದು ಸಲ ತಿರುಗಿ ರೋಗಿಯ ತುಟಿ ನೋಡುತ್ತಿದ್ದ. ಅವತ್ತು ಅವನ ತಲೆಯೊಳಗೆ ಬರೀ ಆ ಮಾತೇ ತಿರುಗುತ್ತಿತ್ತು. ಕುರಿಮಗ. ಅದಕ್ಕೆ ಉತ್ತರ ಕಟ್ಟುತ್ತಿದ್ದ. ಒಂದು ಹುಟ್ಟಿಗೆ ಒಂದು ಉತ್ತರ. ಆಚೆ ದಂಡೆ ಮುಟ್ಟಲಿ, ಅಲ್ಲಿಯೂ ಮಂದಿ ಇರುತ್ತಾರೆ, ಅವರೆಲ್ಲರ ಎದುರಿಗೇ ಕೊಡುತ್ತೇನೆ ಅಂದುಕೊಂಡ. ಮುರಿಗೆಪ್ಪನ ರುಂಬಾಲು ಕೆಸರಿಗೆ ಬೀಳುವಂಥ ಉತ್ತರ ಬೇಕಾಗಿತ್ತು ಅವನಿಗೆ. ಒಂದು ಒಳ್ಳೆಯದು ಹೊಳೆಯಿತು, ಅದನ್ನು ಬಾಯಲ್ಲಿ ಹೊರಳಿಸಿ ನೋಡಿದ, ರುಚಿಯಾಗಿತ್ತು.

ಹಿಂದೆ ಕೆಮ್ಮು ಕೇಳಿಸಿತು. ಆಮೇಲೆ ಒಂದು ಗೊರಗೊರ ಸಪ್ಪಳ, ತುಂಬಿದ ಕೊಡದ ಬಾಯಿಗೆ ನೀರು ಸಿಕ್ಕಿಕೊಂಡಂಥದು. ಮುರಿಗೆಪ್ಪ ಶಿವನ ಹೆಸರು ಹೇಳುತ್ತಿದ್ದ, ಸಮಾಧಾನ ಮಾಡುತ್ತಿದ್ದ, ಏಳಬೇಡೋ ಸೋಮಾ, ಹರಗೋಲು ಮಗಚುತ್ತದೆ, ಮಲಗಿಕೋ ಅನ್ನುತ್ತಿದ್ದ. ಏಳಲು ಹೊರಟವನನ್ನು ಅವನು ಹಿಡಿದು ಒತ್ತುತ್ತಿದ್ದಾನೆ ಅನ್ನುವುದು ಮಾಯಪ್ಪನಿಗೆ ತಿಳಿಯಿತು. ಹರಗೋಲು ಆಗ ನಡುಹೊಳೆಯ ಎಳೆತಕ್ಕೆ ಸಿಕ್ಕಿತ್ತು, ಅಲ್ಲಿ ಹುಟ್ಟು ಬಿಟ್ಟರೆ ಮೂವರೂ ಹೋಗುತ್ತಿದ್ದರು. ಅಷ್ಟಂತೂ ಖರೆ. ಅವನು ಹಲ್ಲು ಕಚ್ಚಿ ಎಳೆದ. ಸಪ್ಪಳ ಸಣ್ಣದಾಯಿತು. ನಿಂತಿತು.

"ನೋಡು," ಅಂದ ಮುರಿಗೆಪ್ಪ ಹಿಂದಿನಿಂದ. ದನಿಯಲ್ಲಿ ಗೆದ್ದವನ ಸೊಕ್ಕು ಇರಲಿಲ್ಲ, ಬರೀ ನಿರಾಳ ಇತ್ತು. "ಮಲಗಿಸಿದ್ದಕ್ಕ ನಿದ್ದಿ ಹತ್ತಿತು. ಎಂಟು ದಿನಾ ಆತು ನಿದ್ದಿ ಕಂಡು, ನನ್ನ ಕೂಸು."

ಮಾಯಪ್ಪ ಆಗ ತಿರುಗಿದ.

ಸೋಮಪ್ಪನ ತುಟಿಯ ಮೇಲೆ ಗುಲಾಬಿ ಬಣ್ಣದ ನೊರೆ ಇತ್ತು. ಉಗುರು ಎಳೆ ನೇರಳೆ. ಕಣ್ಣು ಅರ್ಧ ತೆರೆದಿತ್ತು, ಮುಗಿಲು ನೋಡುತ್ತಿತ್ತು. ನಿದ್ದೆ ಹೀಗಿರುವುದಿಲ್ಲ.

ಮಾಯಪ್ಪ ಹುಟ್ಟನ್ನು ಹರಗೋಲಿನೊಳಗೆ ಎಸೆದು, ಮುರಿಗೆಪ್ಪನನ್ನು ಮೊಳಕೈಯಿಂದ ಆಚೆ ನೂಕಿದ. ಧಣಿ ಅನ್ನಲಿಲ್ಲ, ಅಣ್ಣಾರ ಅನ್ನಲಿಲ್ಲ. ಸೋಮಪ್ಪನ ಕಂಕುಳಲ್ಲಿ ಕೈ ಹಾಕಿ ಎತ್ತಿ ಕೂರಿಸಿದ. ಬಾಯಿಂದ ನೀರು ನೊರೆ ಇಳಿಯಿತು, ಒಂದು ಉಸಿರು ಸೀಳಿಕೊಂಡು ಒಳಗೆ ಹೋಯಿತು. ಹರಗೋಲು ಆಗಲೇ ಬುಗುರಿಯ ಹಾಗೆ ತಿರುಗಲು ಸುರು ಮಾಡಿತ್ತು, ಎರಡೂ ದಂಡೆಗಳು ಸುತ್ತಲೂ ಓಡುತ್ತಿದ್ದವು. ಕೂರಿಸಿ ಹಿಡಿಯಲು ಗೂಟ ಇರಲಿಲ್ಲ. ಗೂಟವನ್ನು ಸಿಟ್ಟಿನ ಕೈಯಿಂದ ಎಸೆದವನು ತಾನೇ. ಮುರಿಗೆಪ್ಪನನ್ನು ಹಿಡಿಯಲು ಹೇಳೋಣವೆಂದರೆ ಅವನು ಅಂಚಿಗೆ ಅಂಟಿಕೊಂಡು, ಬಾಯಿ ತೆರೆದು, ತಮ್ಮನ ನೊರೆಯನ್ನೇ ನೋಡುತ್ತಿದ್ದ, ಕೈ ತನ್ನವೇ ಅನ್ನುವುದು ಅವನಿಗೆ ಮರೆತು ಹೋಗಿತ್ತು.

ಮಾಯಪ್ಪ ತನ್ನ ತಲೆಯ ರುಂಬಾಲು ಬಿಚ್ಚಿದ. ತಾನು ಸೋಮಪ್ಪನಿಗೆ ಬೆನ್ನು ಕೊಟ್ಟು ಕುಳಿತ, ಬೆನ್ನಿಗೆ ಬೆನ್ನು ಹಚ್ಚಿ. ರುಂಬಾಲನ್ನು ಇಬ್ಬರ ಕಂಕುಳ ಕೆಳಗಿಂದ ಎರಡು ಸುತ್ತು ತಂದು ತನ್ನ ಎದೆಯ ಮೇಲೆ ಗಂಟು ಬಿಗಿದ. ಹುಟ್ಟು ತೆಗೆದುಕೊಂಡ. ಮುಂದಕ್ಕೆ ಬಗ್ಗಿ ಎಳೆದರೆ ಸೋಮಪ್ಪ ಅವನ ಬೆನ್ನ ಮೇಲೆ ಹಿಂದಕ್ಕೆ ಒರಗುತ್ತಿದ್ದ, ನೆಟ್ಟಗಾದರೆ ನೆಟ್ಟಗಾಗುತ್ತಿದ್ದ. ಇಬ್ಬರು ಸೇರಿ ಹುಟ್ಟು ಹಾಕುತ್ತಿದ್ದ ಹಾಗೆ ಇತ್ತು.

ಈಗ ಅವನಿಗೆ ತಿರುಗಿ ನೋಡುವ ಗರಜು ಇರಲಿಲ್ಲ. ಸೋಮಪ್ಪನ ಉಸಿರು ನೇರವಾಗಿ ಅವನ ಬೆನ್ನಿಗೆ ಗೊತ್ತಾಗುತ್ತಿತ್ತು. ಪಕ್ಕೆಲುಬು ಅಗಲವಾಗುವುದು, ಇಳಿಯುವುದು, ಒಳಗೆ ಎಲ್ಲೋ ಹಸಿ ಸೌದೆ ಉರಿದಂಥ ಚಿಟಿಚಿಟಿ. ಮೊದಲು ಹರಿದು ಹರಿದು ಬಂದ ಉಸಿರು ಸ್ವಲ್ಪ ಹೊತ್ತಿಗೆ ಒಂದು ಲಯಕ್ಕೆ ಬಂತು. ಮಾಯಪ್ಪ ಅದಕ್ಕೆ ತನ್ನ ಹುಟ್ಟನ್ನು ಹೊಂದಿಸಿದ. ಅವನ ತಲೆಯಲ್ಲಿದ್ದ ಉತ್ತರಗಳೆಲ್ಲ ಅಷ್ಟೊತ್ತಿಗೆ ಎಲ್ಲಿ ಹೋದವೋ. ಇನ್ನೊಂದು ಉಸಿರು ತಗೋ, ಇನ್ನೊಂದು ತಗೋ ಅನ್ನುವುದು ಬಿಟ್ಟು ಬೇರೆ ಮಾತು ಇರಲಿಲ್ಲ.

"ಮಾಯಾ," ಅಂತು ಬೆನ್ನು.

"ಮಾತಾಡಬ್ಯಾಡ. ಬಂತು ದಂಡಿ."

"ಸುಳ್ಳ... ಹೇಳತಿ."

ಸುಳ್ಳೇ ಹೇಳಿದ್ದ. ನಡುಹೊಳೆಯಲ್ಲಿ ತಿರುಗಿದ ಆ ಹೊತ್ತಿನಲ್ಲಿ ಹರಗೋಲು ಎಷ್ಟೋ ಕೆಳಗೆ ಬಂದಿತ್ತು. ಒಂಟಿ ಜಾಲಿಮರ ಬಲಗಡೆಗೆ ಹಾದು ಹಿಂದಕ್ಕೆ ಹೋಯಿತು. ಅಲ್ಲಿ ರೋಗಿಗಾಗಿ ಗಾಡಿ ಹೂಡಿಕೊಂಡು ಕಾಯುತ್ತಿದ್ದ ಆ ದಂಡೆಯ ಗಾಡಿಯವ ಲಗಮಣ್ಣನೂ, ಅವನ ಜೊತೆ ನಿಂತಿದ್ದ ಎಂಟು ಹತ್ತು ಮಂದಿಯೂ ಇವರನ್ನು ನೋಡಿ ದಂಡೆಗುಂಟ ಕೆಳಕ್ಕೆ ಓಡಲು ಹತ್ತಿದರು. ಮಾಯಪ್ಪ ಎಳೆತದಿಂದ ಹೊರಬಿದ್ದು, ಎರೆಗೋಡೆಯ ಕೆಳಗಿನ ನಿಂತ ನೀರಿಗೆ ಬಂದ. ಅಲ್ಲಿಂದ ಹರಗೋಲಿನಲ್ಲಿದ್ದ ಉದ್ದನೆಯ ಬಿದಿರ ಗಳ ಹಾಕಿ, ತಳಕ್ಕೆ ಊರಿ ಊರಿ, ಹೊಳೆಗೆ ಎದುರಾಗಿ ಮೇಲಕ್ಕೆ ಹೋಗಬೇಕು. ಒಂದು ಹೊಲದಷ್ಟು ದೂರ. ಬರೀ ಹರಗೋಲಾಗಿದ್ದರೆ ಎಲೆ ಅಡಿಕೆ ಜಗಿಯುವಷ್ಟು ಹೊತ್ತು.

ಸೋಮಪ್ಪ ಮತ್ತೆ ಮಾತಾಡಲಿಲ್ಲ. ಉಸಿರು ಇತ್ತು. ಮಾಯಪ್ಪ ಎಣಿಸಲು ಸುರು ಮಾಡಿದ, ಮೂರನೇ ಇಯತ್ತೆಯವರೆಗೆ ಕಲಿತ ಎಣಿಕೆ. ಒಂದು ಗಳಕ್ಕೆ ಒಂದು ಉಸಿರು ಬರುತ್ತಿತ್ತು. ಆಮೇಲೆ ಎರಡು ಗಳಕ್ಕೆ ಒಂದು. ನಲವತ್ತರ ಆಚೆ ಎಲ್ಲೋ ಒಂದು ಉಸಿರು ದೊಡ್ಡದಾಗಿ ಬಂತು, ಪಕ್ಕೆಲುಬು ಪೂರಾ ಅಗಲವಾಗಿ ಅವನ ಬೆನ್ನನ್ನು ಒತ್ತಿತು, ಇಳಿಯಿತು. ಮಾಯಪ್ಪ ಗಳ ಊರಿದ. ಮತ್ತೆ ಊರಿದ. ಐದು ಸಲ ಊರಿದ. ಬೆನ್ನಿಗೆ ಏನೂ ಬರಲಿಲ್ಲ. ಭಾರ ಮಾತ್ರ ಬಂತು, ಸ್ವಲ್ಪ ಸ್ವಲ್ಪವಾಗಿ, ನಿದ್ದೆ ಹತ್ತಿದ ಕೂಸು ಹೆಗಲ ಮೇಲೆ ಭಾರವಾಗುವ ಹಾಗೆ.

ಅಂಚು ಹಿಡಿದು ದಂಡೆಯನ್ನೇ ನೋಡುತ್ತಿದ್ದ ಮುರಿಗೆಪ್ಪನಿಗೆ ಹೇಳಲಿಲ್ಲ. ಹೇಳಿದ್ದರೆ ಅವನು ಎದ್ದು ತಮ್ಮನ ಮೇಲೆ ಬೀಳುತ್ತಿದ್ದ, ಹರಗೋಲು ಮಗಚುತ್ತಿತ್ತು. ಹಾಗಂತ ಮಾಯಪ್ಪ ತನಗೆ ತಾನೇ ಹೇಳಿಕೊಂಡ. ಗಳ ಊರುತ್ತ ಹೋದ. ಯಾರಿಗಾಗಿ ಊರುತ್ತಿದ್ದಾನೆ ಅನ್ನುವುದನ್ನು ಕೇಳಿಕೊಳ್ಳಲಿಲ್ಲ. ಮೇಲಿಂದ ಲಗಮಣ್ಣ ಹಗ್ಗ ಎಸೆದ. ಅದನ್ನು ಹಿಡಿದ. ಮಂದಿ ಎಳೆದುಕೊಂಡರು. ಹರಗೋಲಿನ ತಳ ಮರಳಿಗೆ ಉಜ್ಜಿ ನಿಂತಿತು.

ಮುರಿಗೆಪ್ಪ ಮೊದಲು ಇಳಿದ. ಇಳಿದವನು ಜೀವ ಬಂದವನ ಹಾಗೆ ಅವಸರ ಮಾಡಿದ. ಗಾಡಿಯಲ್ಲಿ ಹುಲ್ಲು ದಪ್ಪ ಹಾಸಿದ್ದೀರೋ ಇಲ್ಲವೋ, ಎತ್ತು ಬಲವಾದವೋ, ಗೋಕಾಕಕ್ಕೆ ಊಟದ ಹೊತ್ತಿನೊಳಗೆ ಮುಟ್ಟಬೇಕು, ಡಾಕ್ಟರು ಊಟಕ್ಕೆ ಎದ್ದರೆ ಮತ್ತೆ ತಡ ಅಂತ ಒಂದೇ ಸಮನೆ ಹೇಳಿದ. ಆಮೇಲೆ, ಯಾರ ಕಡೆಗೂ ನೋಡದೆ, ಗಾಡಿಯಲ್ಲಿ ಕುಂದ್ರಿಸಿಯೇ ಒಯ್ಯೋಣ, ಕುಂತರ ಅವಂಗ ಉಸಿರು ಬರತೈತಿ ಅಂದ. ಹಿಂದೆ ಹುಲ್ಲಿನ ಸಿವುಡು ಇಡ್ರಿ, ನಾನು ಹಿಡಕೊಂಡು ಕುಂದ್ರತೇನಿ ಅಂದ.

ಮಾಯಪ್ಪ ಏಳಲಿಲ್ಲ. ಎದೆಯ ಮೇಲಿನ ಗಂಟು ನೀರಿಗೆ ಬಿಗಿದಿತ್ತು, ಬೆರಳಿಗೆ ಬರಲಿಲ್ಲ. ಲಗಮಣ್ಣ ಸಹಾಯಕ್ಕೆ ಕೆಳಗಿಳಿದು ಬಂದ. ಸೋಮಪ್ಪನ ಮುಖ ಅವನ ಕಡೆಗಿತ್ತು. ಲಗಮಣ್ಣ ಒಂದು ಸಲ ನೋಡಿದ, ತಲೆಯ ಮೇಲಿನ ಟೊಪ್ಪಿಗೆ ತೆಗೆದ. ಮಾಯಪ್ಪನ ಮುಂದೆ ಬಂದು, ಹಲ್ಲಿನಿಂದ ಗಂಟು ಸಡಿಲ ಮಾಡಿ ಬಿಚ್ಚಿದ.

ಮಾಯಪ್ಪ ತಿರುಗಿ, ಗೆಳೆಯ ಬೀಳದ ಹಾಗೆ ಹಿಡಿದ. ತುಟಿಯ ನೊರೆಯನ್ನು ರುಂಬಾಲಿನಿಂದ ಒರೆಸಿದ. ಅವನ ಕಣ್ಣು ಮುಚ್ಚಿಸಿದ.

ದಂಡೆಯ ಮೇಲೆ ಮುರಿಗೆಪ್ಪ ಹುಲ್ಲಿನ ಸಿವುಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಂತ. ಮಂದಿ ಅವನಿಗೆ ದಾರಿ ಬಿಟ್ಟರು. ಅವನು ಇಳಿದು ಬಂದು, ಕೆಸರಿನಲ್ಲಿ ಮೊಣಕಾಲೂರಿದ, ತಮ್ಮನ ಬಾತ ಪಾದವನ್ನು ಅಂಗೈಯಲ್ಲಿ ಇಟ್ಟುಕೊಂಡು ಅದಕ್ಕೆ ಹತ್ತಿದ ಮಣ್ಣನ್ನು ಒರೆಸತೊಡಗಿದ. ಒಂದು ಪಾದ ಆಯಿತು, ಇನ್ನೊಂದು ಆಯಿತು. ಅಳಲಿಲ್ಲ.

ಆಮೇಲೆ ತಲೆ ಎತ್ತಿದ. ರುಂಬಾಲು ಎಲ್ಲಿಯೋ ಬಿದ್ದು ಹೋಗಿತ್ತು, ತಲೆ ಬೋಳಾಗಿ, ಸಣ್ಣದಾಗಿ ಕಂಡಿತು.

"ಮಾಯಪ್ಪಾ," ಅಂದ. ಆ ಹೆಸರನ್ನು ಅವನು ಪೂರಾ ಕರೆದದ್ದು ಅದೇ ಮೊದಲು. "ಮಲಗಿಸಿದ್ದಕ್ಕ ಹೋದ್ನೇನೋ ನಮ್ಮ ಸೋಮಾ?"

ಲಗಮಣ್ಣ ಟೊಪ್ಪಿಗೆ ಹಿಡಿದು ನಿಂತಿದ್ದ. ಎಂಟು ಹತ್ತು ಮಂದಿಯೂ ನಿಂತಿದ್ದರು. ಎಲ್ಲರೂ ಮಾಯಪ್ಪನ ಬಾಯಿ ನೋಡಿದರು. ಅವರಿಗೆ ಆಚೆ ದಂಡೆಯಲ್ಲಿ ಏನಾಗಿತ್ತೆಂದು ಗೊತ್ತಿರಲಿಲ್ಲ, ಆದರೂ ಈ ಮಾತಿಗೆ ಬರುವ ಉತ್ತರ ಒಬ್ಬ ಮನುಷ್ಯನನ್ನು ಮುಗಿಸಬಲ್ಲದು ಅನ್ನುವಷ್ಟು ಗೊತ್ತಾಯಿತು.

ಹೌದ್ರಿ. ಅಷ್ಟು ಅಂದರೆ ಸಾಕಾಗಿತ್ತು. ಹೊಳೆಯ ನಡುವೆ ಅವನು ಹುಡುಕಿದ ಯಾವ ಉತ್ತರವೂ ಇದರಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ, ಮತ್ತು ಇದು ಖರೆಯೂ ಆಗಿತ್ತು. ಮಾತು ನಾಲಿಗೆಯ ತನಕ ಬಂತು. ಅದರ ಬೆನ್ನಿಗೇ ಇನ್ನೊಂದು ಬಂತು: ಗಂಟು ಬಿಚ್ಚಿದವ ನಾನು, ಗೂಟ ಎಸೆದವ ನಾನು, ಅರ್ಧ ಹೊಳೆಯ ತನಕ ತಿರುಗಿ ನೋಡದವ ನಾನು. ಒಂದನ್ನು ಹೇಳಿ ಇನ್ನೊಂದನ್ನು ನುಂಗಲು ಬರುವುದಿಲ್ಲ. ಎರಡನ್ನೂ ಹೇಳಿದರೆ, ಆ ಬೋಳು ತಲೆಯ ಮನುಷ್ಯ ಅದನ್ನು ಹೊತ್ತುಕೊಂಡು ಮತ್ತೆ ಇದೇ ಹೊಳೆ ದಾಟಿ ಬಾಳವ್ವನ ಎದುರಿಗೆ ಹೋಗಿ ನಿಲ್ಲಬೇಕು. ಇಲ್ಲ ಅನ್ನಲೂ ಬಹುದಿತ್ತು. ಅವನ ಬೆನ್ನು ಇನ್ನೂ ಆ ಉಸಿರನ್ನು ಕಾಯುತ್ತಿತ್ತು, ಸುಳ್ಳಿಗೆ ಬಾಯಿ ಏಳಲಿಲ್ಲ.

ಅವನು ಸೋಮಪ್ಪನನ್ನು ಮೆಲ್ಲಗೆ ಅಣ್ಣನ ತೋಳಿಗೆ ದಾಟಿಸಿದ. ಹರಗೋಲಿನಿಂದ ಇಳಿದ. ಮುರಿಗೆಪ್ಪ ಮತ್ತೆ ಕೇಳಿದ, ಈ ಸಲ ದನಿ ಒಡೆದಿತ್ತು, ಹೇಳೋ ಯಪ್ಪಾ ಅಂದ. ಮಾಯಪ್ಪ ಮಂದಿಯ ನಡುವಿನಿಂದ ಹಾದು, ಜಾರುವ ಎರೆಯಲ್ಲಿ ಕೈ ಊರಿ ದಂಡೆ ಹತ್ತಿ, ಹೊಳೆಗುಂಟ ಮೇಲಕ್ಕೆ ನಡೆದ.